ಕದ್ರಿಯ ಉಸಿರು, ಮೂಗೂರಿನ ಕಾಲು

1994ರಲ್ಲಿ ಮದ್ರಾಸಿನಿಂದ ಎರಡು ತಮಿಳು ಸಿನಿಮಾ ಬಂದವು. ಒಂದು ಕೆ. ಬಾಲಚಂದರ್ ಅವರ ‘ಡ್ಯೂಯೆಟ್’, ಇನ್ನೊಂದು ಶಂಕರ್ ಅವರ ‘ಕಾದಲನ್’. ಎರಡಕ್ಕೂ ಸಂಗೀತ ಎ.ಆರ್. ರೆಹಮಾನ್ ಅವರದು. ಮೊದಲನೆಯದರಲ್ಲಿ ನಾಯಕ ಸ್ಯಾಕ್ಸೋಫೋನ್ ನುಡಿಸುತ್ತಾನೆ. ಎರಡನೆಯದರಲ್ಲಿ ‘ಪೇಟ್ಟೈ ರ‍್ಯಾಪ್’ ಅಂತ ಒಂದು ಹಾಡಿದೆ. ಹಿಂದಿಯಲ್ಲಿ ಬಾಬಾ ಸೆಹಗಲ್ ಆಗಲೇ ರ‍್ಯಾಪ್ ಶುರು ಹಚ್ಚಿಕೊಂಡಿದ್ದರು, ನಿಜ. ಆದರೆ ನಮ್ಮ ಕಡೆ ಬಸ್ಸುಗಳಲ್ಲಿ, ಟೀ ಅಂಗಡಿಗಳಲ್ಲಿ, ಮದುವೆಮನೆಯ ಲೌಡ್‌ಸ್ಪೀಕರಿನಲ್ಲಿ ಸ್ಯಾಕ್ಸೋಫೋನೂ ರ‍್ಯಾಪೂ ಕೇಳತೊಡಗಿದ್ದು ಈ ಎರಡು ಕ್ಯಾಸೆಟ್ಟುಗಳಿಂದ.

ಈ ಎರಡು ಸಿನಿಮಾಗಳ ಹೆಸರುಪಟ್ಟಿಯನ್ನು ಒಮ್ಮೆ ಕನ್ನಡದ ಕಣ್ಣಿನಿಂದ ಓದಿ ನೋಡಿ. ‘ಡ್ಯೂಯೆಟ್’ನಲ್ಲಿ ನಾಯಕನ ತಮ್ಮನಾಗಿ ನಮ್ಮ ರಮೇಶ್ ಅರವಿಂದ್. ಖಳನಾಗಿ, ತಮಿಳಿನ ಮೊದಲ ಪಾತ್ರದಲ್ಲಿ, ನಮ್ಮ ಪ್ರಕಾಶ್ ರೈ. ನಾಯಕ ಪ್ರಭು ಕೈಯಲ್ಲಿ ಹಿಡಿದ ಸ್ಯಾಕ್ಸೋಫೋನಿನ ಹಿಂದಿನ ಉಸಿರು ಕದ್ರಿ ಗೋಪಾಲನಾಥ್ ಅವರದು. ‘ಕಾದಲನ್’ನಲ್ಲಿ ರಾಜ್ಯಪಾಲನಾಗಿ ಗಿರೀಶ್ ಕಾರ್ನಾಡ್. ಪೇಟೆಯ ರ‍್ಯಾಪಿಗೆ ಕುಣಿದ ಹುಡುಗ ಪ್ರಭುದೇವ. ಅವರ ತಂದೆ, ನೃತ್ಯ ನಿರ್ದೇಶಕ ಸುಂದರ್ ಹೆಸರಿನ ಮುಂದೆಯೇ ಊರಿದೆ: ಮೂಗೂರು, ತಿರುಮಕೂಡಲು ನರಸೀಪುರ ತಾಲೂಕು, ಮೈಸೂರು ಜಿಲ್ಲೆ.

ಚೆನ್ನೈಯಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಕೇಳುವುದು ಹೆಚ್ಚಾಗಿ ಜಾಜ್ ಮತ್ತು ಹಿಪ್‌ಹಾಪ್. ಡಿಸೆಂಬರ್ ಬಂತೆಂದರೆ ಇಲ್ಲಿನ ಗೆಳೆಯರು ಯಾವ ಸಭಾದಲ್ಲಿ ಯಾರ ಕಛೇರಿ, ಯಾವ ಸಭಾದ ಕ್ಯಾಂಟೀನಿನಲ್ಲಿ ಕೀರೈ ವಡೆ ಚೆನ್ನ ಎಂದು ಚರ್ಚೆಗಿಳಿಯುತ್ತಾರೆ. ನನ್ನ ರುಚಿ ಹೇಳಿದರೆ, ‘ಓ, ಅಮೆರಿಕದ್ದಾ’ ಅನ್ನುತ್ತಾರೆ. ಊರಿಗೆ ಹೋದರೆ ಅಲ್ಲಿಯೂ ಅದೇ ಮಾತು, ಜತೆಗೆ ‘ಮದ್ರಾಸಿಗೆ ಹೋಗಿ ಕರ್ನಾಟಕ ಸಂಗೀತ ಕೇಳೋದು ಬಿಟ್ಟು’ ಎಂಬ ಬಾಲ. ಈ ‘ಅಮೆರಿಕದ್ದು’ ಎಂಬ ಮಾತು ಎಷ್ಟು ಸರಿ? 1994ನ್ನು ಹಿಡಿದು ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಹೋಗಿ ನೋಡೋಣ.

ಸ್ಯಾಕ್ಸೋಫೋನ್ ಹುಟ್ಟಿದ್ದು ಅಮೆರಿಕದಲ್ಲಲ್ಲ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ವಾದ್ಯ ಅದು. ಅದಕ್ಕೆ ಮೊದಲ ಕೆಲಸ ಸಿಕ್ಕಿದ್ದು ಮಿಲಿಟರಿ ಬ್ಯಾಂಡುಗಳಲ್ಲಿ. ಬ್ಯಾಂಡಿನ ದಾರಿಯಲ್ಲೇ ಅದು ಲೋಕ ಸುತ್ತಿತು. ನ್ಯೂ ಆರ್ಲಿಯನ್ಸಿನ ಕರಿಯರು ಮೆರವಣಿಗೆಯ ಬ್ಯಾಂಡುಗಳ ತುತ್ತೂರಿ, ಕ್ಲಾರಿನೆಟ್, ಡೋಲುಗಳನ್ನು ಹಿಡಿದು ಜಾಜ್ ಕಟ್ಟಿದರು. ಇತ್ತ ಮೈಸೂರು ಅರಮನೆಯ ಬ್ಯಾಂಡಿನಲ್ಲೂ ಸ್ಯಾಕ್ಸೋಫೋನ್ ಬಂದು ಕೂತಿತ್ತು. ಬಂಟ್ವಾಳ ತಾಲೂಕಿನ ಸಜೀಪಮೂಡದ ಹುಡುಗ ಗೋಪಾಲನಾಥ ಅದನ್ನು ಮೊದಲು ಕೇಳಿದ್ದು ಅರಮನೆ ಬ್ಯಾಂಡಿನಲ್ಲೇ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು, ದೇವಸ್ಥಾನದ ಊಳಿಗದವರು. ಮಗ ಮನೆಯ ವಾದ್ಯ ಬಿಟ್ಟು ಬ್ಯಾಂಡಿನ ಹಿತ್ತಾಳೆಯ ಹಿಂದೆ ಹೋದ. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅವರಿಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಬಳಿ ಪಾಠವಾಯಿತು. ಆಮೇಲೆ ಮದ್ರಾಸಿಗೆ ಬಂದು ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು.

ಕಷ್ಟ ಏನಿತ್ತು ಅಂದರೆ, ಸ್ಯಾಕ್ಸೋಫೋನಿನ ಪ್ರತಿ ಕೀಲಿಗೂ ಒಂದು ಗೊತ್ತಾದ ಸ್ವರ. ಒತ್ತಿದರೆ ಆ ಸ್ವರ, ಬಿಟ್ಟರೆ ಇನ್ನೊಂದು. ನಡುವಿನ ಜಾರು ದಾರಿ ಅದರಲ್ಲಿಲ್ಲ. ನಮ್ಮ ರಾಗಗಳು ಬದುಕುವುದೇ ಆ ನಡುವಿನಲ್ಲಿ. ನಾಗಸ್ವರದಲ್ಲಿ ಬೆರಳನ್ನು ತೂತಿನ ಮೇಲೆ ಅರ್ಧ ಸರಿಸಿ, ತುಟಿ ಬಿಗಿದು ಸಡಿಲಿಸಿ ಗಮಕ ತೆಗೆಯುತ್ತಾರೆ. ಆ ಬಾಯಿಯ ವಿದ್ಯೆಯನ್ನು ಕದ್ರಿಯವರು ಸ್ಯಾಕ್ಸೋಫೋನಿಗೆ ತಂದರು. ಕೀಲಿಗಳನ್ನೂ ತಮಗೆ ಬೇಕಾದಂತೆ ಹೊಂದಿಸಿಕೊಂಡರು. ಹಾಗಾಗಿ ಅವರ ನುಡಿಸಾಣಿಕೆಯಲ್ಲಿ ಕಣ್ಣು ಮುಚ್ಚಿ ಕೂತರೆ ಕೇಳುವುದು ಅರ್ಧ ನಾಗಸ್ವರ. ಮನೆಯ ವಾದ್ಯವನ್ನು ಅವರು ಬಿಟ್ಟಿರಲಿಲ್ಲ, ಬೇರೆ ಲೋಹಕ್ಕೆ ಸಾಗಿಸಿದ್ದರು ಅಷ್ಟೆ.

ಮದ್ರಾಸಿಗೆ ಇದು ತೀರಾ ಹೊಸ ಸಂಗತಿಯೂ ಅಲ್ಲ. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರೆನಿಸಿದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತಿದ್ದು ಇದೇ ಊರಿನ ಪಕ್ಕದ ಮಣಲಿಯಲ್ಲಿ, ಯುರೋಪಿನ ವಾದಕನೊಬ್ಬನಿಂದ. ಮೌಂಟ್ ರೋಡಿನ ಮ್ಯೂಸೀ ಮ್ಯೂಸಿಕಲ್ ಅಂಗಡಿ 1842ರಿಂದ ಇದೆ, ಅಂದರೆ ಸ್ಯಾಕ್ಸೋಫೋನಿನ ಪೇಟೆಂಟಿಗಿಂತ ಹಳೆಯದು. ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಂತೂ ತುತ್ತೂರಿ, ಸ್ಯಾಕ್ಸೋಫೋನ್, ಡ್ರಮ್ಮುಗಳು ದಿನಗೂಲಿ ಮಾಡುತ್ತಲೇ ಇದ್ದವು. ಕನ್ನಡ ಸಿನಿಮಾ ಆಗ ಮದ್ರಾಸಿನಲ್ಲೇ ಬೇಯುತ್ತಿತ್ತು. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆದಾಗ ಜಿ.ಕೆ. ವೆಂಕಟೇಶ್ ಬಾಂಡ್ ಚಿತ್ರಗಳ ಧಾಟಿಯ ತುತ್ತೂರಿಗಳನ್ನು ಕೂಗಿಸಿದರು. ಎಷ್ಟೋ ಕನ್ನಡಿಗರು ಜಾಜ್‌ನ ವಾಸನೆ ಹಿಡಿದದ್ದು ಅಂಥ ಕ್ಲಬ್ ದೃಶ್ಯಗಳಲ್ಲಿ. ಅದೇ ವೆಂಕಟೇಶ್ ಬಳಿ ಸಹಾಯಕನಾಗಿ ದುಡಿದ ಹುಡುಗ ಇಳಯರಾಜ, ಮೈಲಾಪುರದ ಸಾಯಿ ಲಾಡ್ಜಿನ ಕೋಣೆಯಲ್ಲಿ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಸ್ಟುಡಿಯೋದಲ್ಲಿ ಜಾಜ್ ಅಂದರೆ ಸಿಗರೇಟು, ಮಬ್ಬು ಬೆಳಕು, ಖಳನಾಯಕನ ಅಡ್ಡೆ. ವಾದಕರ ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲ.

ಕದ್ರಿಯವರು ಈ ಎರಡು ದಾರಿಗಳಲ್ಲೂ ಹೋಗಲಿಲ್ಲ. ಚೆಂಬೈ ಟ್ರಸ್ಟಿನ ವೇದಿಕೆಯಿಂದ ಕಛೇರಿ ಶುರುವಾಯಿತು. 1980ರ ಮುಂಬಯಿ ಜಾಜ್ ಯಾತ್ರಾದಲ್ಲಿ ಜಾನ್ ಹ್ಯಾಂಡಿ ಅವರನ್ನು ಕೇಳಿದರು. ಹ್ಯಾಂಡಿ ಸಣ್ಣ ಆಸಾಮಿಯಲ್ಲ; 1959ರ ‘ಮಿಂಗಸ್ ಆಹ್ ಉಮ್’ ತಟ್ಟೆಯಲ್ಲಿ ಚಾರ್ಲ್ಸ್ ಮಿಂಗಸ್ ಜತೆ ನುಡಿಸಿದವರು. ಅವರು ಕದ್ರಿಯವರನ್ನು ವೇದಿಕೆಗೆ ಕರೆದು ತಮ್ಮೊಡನೆ ನುಡಿಸಲು ಹೇಳಿದರು. 1994ರಲ್ಲಿ, ‘ಡ್ಯೂಯೆಟ್’ ಬಂದ ವರ್ಷವೇ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ. ಕರ್ನಾಟಕ ಸಂಗೀತಗಾರರೊಬ್ಬರಿಗೆ ಅಲ್ಲಿ ಸಿಕ್ಕ ಮೊದಲ ಆಹ್ವಾನ ಅದು.

‘ಡ್ಯೂಯೆಟ್’ ಧ್ವನಿಮುದ್ರಣದ ಕಥೆಯನ್ನು ಕದ್ರಿಯವರೇ ಹೇಳಿಕೊಂಡಿದ್ದಾರೆ. ಒಂದರ ಹಿಂದೊಂದು ರಾಗ ನುಡಿಸುತ್ತಾ ಹೋದರು, ರೆಹಮಾನ್‌ಗೆ ಯಾವುದೂ ಒಪ್ಪಲಿಲ್ಲ. ಕಡೆಗೆ ಕಲ್ಯಾಣವಸಂತ ಬಂದಾಗ ಒಪ್ಪಿಗೆಯಾಯಿತು. ರೆಹಮಾನ್ ಸ್ವತಃ ಹುಡುಗನಾಗಿದ್ದಾಗ ಶಿವಮಣಿ, ಸುರೇಶ್ ಪೀಟರ್ಸ್ ಮೊದಲಾದವರ ಜತೆ ಬ್ಯಾಂಡ್ ಕಟ್ಟಿ ನುಡಿಸಿದವರು, ಜಾಜ್ ಅವರಿಗೆ ಗೊತ್ತಿತ್ತು. ಆದರೂ ಅವರು ಸ್ಯಾಕ್ಸೋಫೋನಿನಿಂದ ಕೇಳಿದ್ದು ಜಾಜ್ ಅಲ್ಲ, ರಾಗ.

ಜಾಜ್ ಕೇಳುಗನಾಗಿ ಹೇಳಬೇಕೆಂದರೆ, ಕದ್ರಿಯವರ ಕಛೇರಿಯ ಧ್ವನಿಮುದ್ರಿಕೆಗಳಲ್ಲಿ ನಾನು ಹುಡುಕುವುದು ಸಿಗುವುದಿಲ್ಲ. ತೂಗುವ ಲಯವಿಲ್ಲ, ಬ್ಲೂಸ್‌ನ ನೋವಿಲ್ಲ, ಅಪಸ್ವರಕ್ಕೆ ಹೆದರದೆ ಹಾರುವ ಹುಚ್ಚಿಲ್ಲ. ಸಭಾಕ್ಕೆ ಹೋಗಲು ಸ್ಯಾಕ್ಸೋಫೋನ್ ತೆತ್ತ ಪ್ರವೇಶಶುಲ್ಕ ಅದು: ತ್ಯಾಗರಾಜರ ಕೃತಿಯನ್ನು ಹಾಡುಗಾರರಷ್ಟೇ ಶುದ್ಧವಾಗಿ ನುಡಿಸಿ ತೋರಿಸಬೇಕು. ಹೊರಗಿನಿಂದ ಬಂದವನು ಒಳಗಿನವರಿಗಿಂತ ಒಂದು ಕೈ ಹೆಚ್ಚು ಶಿಸ್ತಿನವನಾಗಿರಬೇಕು ಎಂಬುದು ವಲಸೆ ಬಂದ ನಮಗೆಲ್ಲ ಪರಿಚಿತ ನಿಯಮ. ಅವರಿಗೆ 2004ರಲ್ಲಿ ಪದ್ಮಶ್ರೀ ಬಂತು. ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಅವರ ಗುರು ಗೋಪಾಲಕೃಷ್ಣನ್‌ಗೆ 2014ರಲ್ಲಿ, ವರ್ಷಗಟ್ಟಲೆ ಅವರಿಗೆ ಪಕ್ಕವಾದ್ಯ ನುಡಿಸಿದ ಪಿಟೀಲಿನ ಎ. ಕನ್ಯಾಕುಮಾರಿ ಅವರಿಗೆ 2016ರಲ್ಲಿ ಸಂದಿತು. ಕದ್ರಿಯವರಿಗೆ ಸಲ್ಲಲಿಲ್ಲ. ಪರದೇಶಿ ವಾದ್ಯ ಎಂಬ ಕಾರಣ ಕೊಡುವಂತಿಲ್ಲ, ಕ್ಲಾರಿನೆಟ್ಟಿನ ಎ.ಕೆ.ಸಿ. ನಟರಾಜನ್‌ಗೆ 2008ರಲ್ಲೇ ಕೊಟ್ಟಿದ್ದರು. 2019ರ ಅಕ್ಟೋಬರ್ 11ರಂದು ಕದ್ರಿಯವರು ಮಂಗಳೂರಿನಲ್ಲಿ ತೀರಿಕೊಂಡರು.

ಆದರೆ ಕಥೆ ಸಭಾದಲ್ಲಿ ಮುಗಿಯಲಿಲ್ಲ, ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಇವತ್ತು ದಕ್ಷಿಣ ಕನ್ನಡ, ಉಡುಪಿ ಕಡೆ ಮದುವೆಗೆ ಹೋಗಿ, ಜಾತ್ರೆಗೆ ಹೋಗಿ, ರಾತ್ರಿ ದೈವದ ನೇಮಕ್ಕೆ ಹೋಗಿ. ನಾಗಸ್ವರವಿದ್ದ ಜಾಗದಲ್ಲಿ ಬಹಳ ಕಡೆ ಸ್ಯಾಕ್ಸೋಫೋನ್ ನಿಂತಿದೆ. ಹುಡುಗಿಯರೂ ನುಡಿಸುತ್ತಾರೆ. ಪಾಡ್ದನ, ಡೋಲು, ದೀವಟಿಗೆಯ ಬೆಳಕಿನ ನಡುವೆ ಆ ಹಿತ್ತಾಳೆಯ ಕೂಗು ಕೇಳಿದರೆ, ಬ್ಯಾಂಡಿನಿಂದ ಬಂದದ್ದು ಬೀದಿಯ ಮೇಳಕ್ಕೇ ಮರಳಿತಲ್ಲ ಅನಿಸುತ್ತದೆ. ನ್ಯೂ ಆರ್ಲಿಯನ್ಸಿನಲ್ಲಿ ಜಾಜ್ ಹುಟ್ಟಿದ್ದೂ ಹೀಗೇ, ಮೆರವಣಿಗೆಗೂ ಹೆಣದ ಹಿಂದೆಯೂ ನುಡಿಸುತ್ತಾ. ಜಾಜ್ ಹುಡುಕುವವರಿಗೆ ನಾನು ಸಭಾಕ್ಕಿಂತ ನೇಮವನ್ನೇ ತೋರಿಸುತ್ತೇನೆ.

ಕದ್ರಿಯವರ ಉಸಿರು ಜಾಜ್‌ಗೆ ತಲುಪಿದ್ದು ಇನ್ನೊಬ್ಬ ಕನ್ನಡಮೂಲದವನ ಮೂಲಕ, ಅದೂ ತಮಾಷೆಯಾಗಿ. ರುದ್ರೇಶ್ ಮಹಾಂತಪ್ಪ ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ. ಕರ್ನಾಟಕದಿಂದ ಹೋದ ತಂದೆ ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಹುಡುಗ ಹಿಡಿದದ್ದು ಆಲ್ಟೋ ಸ್ಯಾಕ್ಸೋಫೋನ್, ಓದಿದ್ದು ಬರ್ಕ್ಲೀಯಲ್ಲಿ. ಅಣ್ಣ ಒಮ್ಮೆ ತಮ್ಮನನ್ನು ರೇಗಿಸಲು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ತಟ್ಟೆ ತಂದುಕೊಟ್ಟ. ರೇಗಿಸಲು ಕೊಟ್ಟದ್ದನ್ನು ತಮ್ಮ ಗಂಭೀರವಾಗಿ ತೆಗೆದುಕೊಂಡ. ಅದು ಕದ್ರಿಯವರ ತಟ್ಟೆ. 2008ರಲ್ಲಿ ಇಬ್ಬರೂ ಸೇರಿ ಮಾಡಿದ ‘ಕಿನ್ಸ್‌ಮೆನ್’ ಬಂತು. ಎರಡು ಆಲ್ಟೋ ಸ್ಯಾಕ್ಸೋಫೋನ್, ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ, ಗಿಟಾರಿಗೆ ರೆಜ್ ಅಬ್ಬಾಸಿ, ಜತೆಗೆ ಬಾಸ್ ಮತ್ತು ಡ್ರಮ್. ರುದ್ರೇಶ್ ನುಡಿಸಾಣಿಕೆ ಚೂಪು, ಮಾತು ಮುಗಿಯುವ ಮೊದಲೇ ಮುಂದಿನ ಮಾತು. ಕದ್ರಿಯವರು ಆಲಾಪನೆಯಲ್ಲಿ ಒಂದು ಸ್ವರವನ್ನು ಹಿಡಿದು ಅಲ್ಲಾಡಿಸುತ್ತಾ ಕೂತುಬಿಡುತ್ತಾರೆ. ಒಂದೇ ವಾದ್ಯ, ಎರಡು ಊರಿನ ಬಾಯಿ. ಕನ್ನಡ ಬಾರದ ಅಮೆರಿಕದ ನೆಂಟರ ಹುಡುಗ, ಇಂಗ್ಲಿಷ್ ಒಗ್ಗದ ಊರಿನ ದೊಡ್ಡಪ್ಪ, ಇಬ್ಬರೂ ಜಗಲಿಯಲ್ಲಿ ಕೂತು ಹೇಗೋ ಮಾತಾಡಿಕೊಂಡಂತೆ. ಬೆಂಗಳೂರಿನಲ್ಲಿ ಇದಕ್ಕೂ ಮೊದಲೇ ಟಿ.ಎ.ಎಸ್. ಮಣಿ, ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಸ್ಯಾಕ್ಸೋಫೋನಿನ ಚಾರ್ಲಿ ಮರಿಯಾನೊ ಜತೆ 1983ರಲ್ಲಿ ‘ಜ್ಯೋತಿ’ ಮಾಡಿತ್ತು. ಅದರಲ್ಲಿ ರಮಾಮಣಿಯವರ ಕಂಠ ಕೇಳಿದವರಿಗೆ, ತಾಳಕ್ಕೆ ಕಟ್ಟಿದ ನುಡಿ ರಾಗವಿಲ್ಲದೆಯೂ ಸಂಗೀತವಾಗಬಲ್ಲದು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಕೊನ್ನಕ್ಕೋಲು ಗೊತ್ತಿದ್ದವರಿಗೆ ರ‍್ಯಾಪ್ ಅಷ್ಟೇನೂ ದೂರವಲ್ಲ.

ಜಾಜ್ ಕೇಳುವವನು ಹಿಪ್‌ಹಾಪ್ ಹೇಗೆ ಕೇಳುತ್ತಾನೆ ಅನ್ನುವವರಿಗೆ ಒಂದೇ ಉದಾಹರಣೆ ಸಾಕು. 1991ರಲ್ಲಿ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ ‘ದ ಲೋ ಎಂಡ್ ಥಿಯರಿ’ಗೆ ಬಾಸ್ ನುಡಿಸಲು ಬಂದವರು ರಾನ್ ಕಾರ್ಟರ್, ಮೈಲ್ಸ್ ಡೇವಿಸ್ ತಂಡದಲ್ಲಿದ್ದವರು. ಅಪ್ಪನ ತಟ್ಟೆಗಳಿಂದಲೇ ಮಗ ತನ್ನ ಹಾಡು ಕಟ್ಟಿದ್ದು.

ಹಿಪ್‌ಹಾಪ್ ಹುಟ್ಟಿದ ದಿನವನ್ನು 1973ರ ಆಗಸ್ಟ್ 11 ಎಂದು ಎಣಿಸುತ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ಜಮೈಕಾದಿಂದ ವಲಸೆ ಬಂದ ಹುಡುಗ ಡಿಜೆ ಕೂಲ್ ಹರ್ಕ್ ತನ್ನ ಅಪಾರ್ಟ್‌ಮೆಂಟಿನ ಕಟ್ಟಡದಲ್ಲಿ ತಟ್ಟೆ ತಿರುಗಿಸಿದ ದಿನ. ಪ್ರಭುದೇವ ಹುಟ್ಟಿದ್ದೂ ಅದೇ ವರ್ಷ. ಮನೆಯಲ್ಲಿ ಅಪ್ಪನ ಸಿನಿಮಾ ಕುಣಿತ, ಪಾಠಕ್ಕೆ ಧರ್ಮರಾಜ್ ಮತ್ತು ಉಡುಪಿ ಲಕ್ಷ್ಮೀನಾರಾಯಣನ್ ಬಳಿ ಭರತನಾಟ್ಯ, ಮೇಲೆ ಮೈಕೆಲ್ ಜಾಕ್ಸನ್. ‘ಪೇಟ್ಟೈ ರ‍್ಯಾಪ್’ನಲ್ಲಿ ಅವರ ಮಂಡಿ, ಕಣಕಾಲು ನೋಡಿ. ಬ್ರಾಂಕ್ಸಿನ ಹುಡುಗರಂತೆ ಮೈಯ ಕೀಲು ಬಿಡಿಸುತ್ತಾರೆ, ಆದರೆ ಅಡಿ ನೆಲಕ್ಕೆ ಬೀಳುವುದು ತಟ್ಟಡವಿನ ಖಚಿತದಲ್ಲಿ.

ಹಾಡಿನಲ್ಲಿ ಮೂರು ದನಿಗಳು: ರ‍್ಯಾಪ್ ಸುರೇಶ್ ಪೀಟರ್ಸ್ ಅವರದು, ಜತೆಗೆ ಶಾಹುಲ್ ಹಮೀದ್, ಜನಪದದ ತೇನಿ ಕುಂಜರಮ್ಮಾಳ್. ಬರೆದವರು ನಿರ್ದೇಶಕ ಶಂಕರ್ ಅವರೇ. ತಮಿಳಿನ ‘ಪೇಟ್ಟೈ’ ನಮ್ಮ ಚಿಕ್ಕಪೇಟೆ, ಬಳೇಪೇಟೆಯ ಪೇಟೆಯೇ. ಆದರೆ ಸಿನಿಮಾದ ಬಾಯಲ್ಲಿ ಅದಕ್ಕೆ ಅಂಗಡಿಬೀದಿಯ ಅರ್ಥಕ್ಕಿಂತ ಕೂಲಿಯವರ ಗಲ್ಲಿಯ ಅರ್ಥ ಹೆಚ್ಚು. ಅಲ್ಲಿನ ನುಡಿ ಮದ್ರಾಸ್ ಬಾಷೈ: ತಮಿಳಿಗೆ ತೆಲುಗು, ಉರ್ದು, ಇಂಗ್ಲಿಷ್ ಎಲ್ಲ ಕಲಸಿದ್ದು. ಅದರಲ್ಲಿ ನಮ್ಮ ಕಿವಿಗೆ ಪರಿಚಯದ ‘ದುಡ್ಡು’ ಇದೆ, ‘ಬೇಜಾರು’ ಇದೆ. ವಲಸೆಗಾರನಿಗೆ ಮೊದಲ ತಿಂಗಳು ಬೇಕಾಗುವ ಪದಗಳೂ ಅವೇ ಎರಡು.

ಆ ಗಲ್ಲಿಗಳಿಗೆ ರ‍್ಯಾಪ್ ಯಾರೂ ಕಲಿಸಬೇಕಾಗಿರಲಿಲ್ಲ. ಉತ್ತರ ಚೆನ್ನೈಯ ಗಾನಾ ಮೊದಲೇ ಇತ್ತು. ಸತ್ತವರ ಮನೆ ಮುಂದೆ ರಾತ್ರಿಯಿಡೀ ಕೂತು, ಸತ್ತವನ ಗುಣವನ್ನೂ ಚಟವನ್ನೂ ಪ್ರಾಸಕ್ಕೆ ಹೊಂದಿಸಿ, ಡಬ್ಬವೋ ಡೋಲೋ ಸಿಕ್ಕಿದ್ದನ್ನು ಬಡಿದು ಹಾಡುವ ಹಾಡು. ಸಿನಿಮಾ ಅದರ ಲಯ ತೆಗೆದುಕೊಂಡಿತು, ತಮಾಷೆ ತೆಗೆದುಕೊಂಡಿತು. ಸಾವನ್ನು ಬಿಟ್ಟಿತು. ಅಲ್ಲಿನ ಜನರನ್ನು ನಾಯಕನ ಹಿಂದೆ ಬಣ್ಣದ ಲುಂಗಿಯಲ್ಲಿ ಸಾಲಾಗಿ ನಿಲ್ಲಿಸಿತು. ಸ್ಯಾಕ್ಸೋಫೋನ್ ಸಭಾಕ್ಕೆ ಶಿಸ್ತು ತೆತ್ತು ಒಳಗೆ ಹೋಯಿತು, ಪೇಟೆ ಸಿನಿಮಾಕ್ಕೆ ನಗೆಪಾಟಲಾಗಿ ಒಳಗೆ ಹೋಯಿತು. ಎರಡನೆಯದರ ಬೆಲೆ ಹೆಚ್ಚು ಎಂಬುದು ನನ್ನ ಲೆಕ್ಕ.

ಈ ನಡುವೆ ಲೆಕ್ಕ ತಿರುಗುಮುರುಗೂ ಆಯಿತು. 2003ರಲ್ಲಿ ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡ ‘ಶ್ರೀ ರಾಘವೇಂದ್ರ’ ತಮಿಳು ಚಿತ್ರಕ್ಕೆ ಇಳಯರಾಜ ಮಾಡಿದ ಹಾಡೊಂದರ ತುಣುಕನ್ನು ಎತ್ತಿ ತನ್ನ ಹಾಡಿಗೆ ಹಾಕಿಕೊಂಡಿತು. ಮಂತ್ರಾಲಯದ ರಾಯರು ಹಿಪ್‌ಹಾಪ್ ಸೇರಿದ ಬಗೆ ಇದು. ಲಂಡನ್ನಿನ ಈಳಂ ತಮಿಳು ಹುಡುಗಿ ಎಂ.ಐ.ಎ. ತನ್ನ 2007ರ ‘ಕಲಾ’ ತಟ್ಟೆಗಾಗಿ ಚೆನ್ನೈಗೆ ಬಂದು ಇಲ್ಲಿನ ಡೋಲುಗಾರರನ್ನು ಮುದ್ರಿಸಿಕೊಂಡು ಹೋದಳು.

ಪೇಟೆ ತನ್ನ ಬಾಯಿಂದ ತಾನೇ ಮಾತಾಡಿದ್ದು 2018ರ ಜನವರಿಯಲ್ಲಿ. ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ ‘ದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಕಿಲ್ಪಾಕ್‌ನ ಮೈದಾನದಲ್ಲಿ ಮೊದಲ ಕಛೇರಿ ಮಾಡಿತು. ಹೆಸರಿನ ಮೂಲ ಅಯೋತಿ ದಾಸರ ‘ಜಾತಿಯಿಲ್ಲದ ತಮಿಳರು’ ಎಂಬ ಮಾತು. ಗಾನಾ ಹಾಡುವವರು, ಪರೈ ಬಡಿಯುವವರು, ಗಿಟಾರಿನವರು, ರ‍್ಯಾಪ್ ಹೇಳುವವರು ಎಲ್ಲರೂ ಒಂದೇ ವೇದಿಕೆಯಲ್ಲಿ ಸೂಟು ತೊಟ್ಟು ನಿಂತರು. ಲುಂಗಿಯಲ್ಲಲ್ಲ. ಮೀಸಲಾತಿ, ದನದ ಮಾಂಸ, ಮಲಗುಂಡಿಯ ಸಾವು, ಎಲ್ಲವೂ ಹಾಡಾದವು. ಸಿನಿಮಾ ಬಿಟ್ಟಿದ್ದ ಸಾವು ವಾಪಸು ಬಂತು. ಆ ತಂಡದ ಅರಿವು, ಗಾಯಕಿ ಧೀ ಜತೆ 2021ರಲ್ಲಿ ‘ಎಂಜಾಯ್ ಎಂಜಾಮಿ’ ಮಾಡಿದರು. ಸಿಂಹಳದ ಚಹಾ ತೋಟಗಳಲ್ಲಿ ದುಡಿದು ಮರಳಿದ ಅಜ್ಜಿ ವಳ್ಳಿಯಮ್ಮಾಳ್ ಆ ಹಾಡಿನ ಬೇರು. ಲೋಕವೆಲ್ಲ ಕುಣಿಯಿತು. ಅದೇ ವರ್ಷ ಆಗಸ್ಟಿನಲ್ಲಿ ‘ರೋಲಿಂಗ್ ಸ್ಟೋನ್ ಇಂಡಿಯಾ’ದ ಮುಖಪುಟದಲ್ಲಿ ಧೀ ಇದ್ದರು, ಅರಿವು ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿಯೇ ಕೇಳಿದರು, ಬರೆದು ಹಾಡಿದವನ ಮುಖ ಎಲ್ಲಿ ಎಂದು.

ಇಷ್ಟೆಲ್ಲ ಆದಮೇಲೆ 1994ರ ಹೆಸರುಪಟ್ಟಿಗೆ ಮರಳಿದರೆ ನನಗೆ ಒಂದು ವಿಷಯ ಚುಚ್ಚುತ್ತದೆ. ಆ ವರ್ಷ ಮದ್ರಾಸಿಗೆ ಕನ್ನಡಿಗರು ಉಸಿರು ಕೊಟ್ಟರು, ಕಾಲು ಕೊಟ್ಟರು, ಮುಖ ಕೊಟ್ಟರು. ನಾಲಿಗೆ ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. ಸ್ಯಾಕ್ಸೋಫೋನಿಗೆ ಭಾಷೆಯಿಲ್ಲ, ಕುಣಿತಕ್ಕೆ ಭಾಷೆಯಿಲ್ಲ. ಆದ್ದರಿಂದಲೇ ಹೊರಗಿನವನು ಅವುಗಳಲ್ಲಿ ಬೇಗ ಗೆಲ್ಲುತ್ತಾನೆ. ಹಿಪ್‌ಹಾಪ್ ಹಾಗಲ್ಲ, ಅದು ಹುಟ್ಟಿದ ಗಲ್ಲಿಯ ನಾಲಿಗೆಯನ್ನೇ ಕೇಳುತ್ತದೆ. ಜಾಜ್ ಕೇಳುವಾಗ ನಾನು ಚೆನ್ನೈಯಲ್ಲಿ ಎಲ್ಲರಷ್ಟೇ ಒಳಗಿನವನು. ಅರಿವು ಹಾಡುವಾಗ ಬಾಗಿಲ ಹೊರಗೆ ನಿಂತಿರುತ್ತೇನೆ, ಅರ್ಧ ಕೇಳುತ್ತದೆ.

ಅರ್ಥವಾಗದ ಪದವನ್ನು ಪಕ್ಕದ ಮೇಜಿನ ಗೆಳೆಯನಿಗೆ ಕೇಳುತ್ತೇನೆ. ಅವನು ವಿಲ್ಲುಪುರದವನು, ಗಾನಾದ ಕೆಲವು ಪದ ಅವನಿಗೂ ತಿಳಿಯುವುದಿಲ್ಲ. ಆಗ ಇಬ್ಬರೂ ಸೇರಿ ರಾತ್ರಿ ಪಾಳಿಯ ಕ್ಯಾಬ್ ಓಡಿಸುವ ಅಣ್ಣನನ್ನು ಕೇಳುತ್ತೇವೆ. ಅವರ ಮನೆ ವ್ಯಾಸರ್ಪಾಡಿಯಲ್ಲಿ. ಅವರು ಹಾಡನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಆ ಸಾಲನ್ನು ತಾವೇ ಒಮ್ಮೆ ನಿಧಾನವಾಗಿ ಹೇಳಿ, ಆಮೇಲೆ ಅರ್ಥ ಹೇಳುತ್ತಾರೆ.